ಒಂದು ಸೆಂಟಿಮೀಟರಿಗೆ ಒಂದು ಮೀಟರ್

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಸ್ಟೇಷನರಿ ಅಂಗಡಿಗೆ ಹೋಗಿ ಸನ್‌ಬೋರ್ಡ್, ಫೆವಿಕಾಲ್, ಕಟರ್ ಬ್ಲೇಡ್ ಕೇಳಿ ನೋಡಿ. ಅಂಗಡಿಯವರ ಮೊದಲ ಪ್ರಶ್ನೆ, "ಮಕ್ಕಳದ್ದು ಯಾವ ಕ್ಲಾಸಿನ ಪ್ರಾಜೆಕ್ಟ್ ರೀ?" ಮೂವತ್ತರ ಆಸುಪಾಸಿನವರು ಇದನ್ನೆಲ್ಲ ತಮಗಾಗಿಯೇ ಕೊಳ್ತಾರೆ ಅಂತ ಯಾರಿಗೂ ಹೊಳೆಯೋದಿಲ್ಲ. "ನಂದೇ ರೀ" ಅಂದ್ರೆ ನಕ್ಕು, "ಹಂಗಿದ್ರ ಬ್ಲೇಡ್ ಎರಡು ಪಾಕೀಟ್ ಒಯ್ಯಿರಿ" ಅಂತಾರೆ. ಒಳ್ಳೆಯ ಸಲಹೆ. ಬ್ಲೇಡ್ ಬೇಗ ಮೊಂಡಾಗುತ್ತೆ.

ತಾಜ್‌ಮಹಲ್, ಐಫೆಲ್ ಟವರ್‌ನ ಕಿಟ್‌ಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ತುಂಡುಗಳನ್ನು ಬಿಡಿಸಿ, ನಂಬರ್ ನೋಡಿ ಜೋಡಿಸಿದರೆ ಮುಗೀತು. ಆದರೆ ನಮ್ಮೂರಿನ ಕಟ್ಟಡಕ್ಕೆ ಕಿಟ್ ಯಾರು ಮಾಡ್ತಾರೆ? ಅಳತೆ ತೆಗೆಯುವುದರಿಂದ ಹಿಡಿದು ಕೊನೆಯ ಗುಮ್ಮಟ ಅಂಟಿಸುವವರೆಗೆ ಎಲ್ಲವನ್ನೂ ನಾವೇ ಮಾಡಬೇಕು. ಹೀಗೆ ಮೊದಲಿನಿಂದ ಮಾಡುವುದಕ್ಕೆ ಸ್ಕ್ರ್ಯಾಚ್‌ಬಿಲ್ಡಿಂಗ್ ಅಂತ ಹೆಸರು. ನಾನು ಆರಿಸಿಕೊಂಡದ್ದು ಕೋಟೆಯೊಳಗಿನ ಜಾಮಾ ಮಸೀದಿ.

ಅಂಗಳವಿಲ್ಲದ ಮಸೀದಿ

1347ರಲ್ಲಿ ಬಹಮನಿ ರಾಜ್ಯ ಶುರುವಾದಾಗ ಕಲಬುರಗಿ ಅದರ ರಾಜಧಾನಿ. ಇಪ್ಪತ್ತು ವರ್ಷದ ನಂತರ, 1367ರಲ್ಲಿ, ಒಂದನೇ ಮಹಮ್ಮದ್ ಷಾನ ಕಾಲಕ್ಕೆ ಈ ಮಸೀದಿ ಎದ್ದಿತು. ಕಟ್ಟಿದವನ ಹೆಸರು ರಫಿ, ಅವನ ಮನೆತನ ಇರಾನಿನ ಕಜ್ವೀನ್ ಊರಿನದು. ದೊಡ್ಡ ಮಸೀದಿ ಅಂದರೆ ಸಾಮಾನ್ಯವಾಗಿ ನಡುವೆ ತೆರೆದ ಅಂಗಳ ಇರುತ್ತದೆ. ಇಲ್ಲಿ ಅದಿಲ್ಲ, ಇಡೀ ಕಟ್ಟಡಕ್ಕೆ ಮೇಲ್ಛಾವಣಿ ಇದೆ. ಪಶ್ಚಿಮದ ಕಡೆ ಒಂದು ದೊಡ್ಡ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು, ನಡುವೆ ಸಾಲುಸಾಲಾಗಿ ಅರವತ್ತಕ್ಕೂ ಹೆಚ್ಚು ಚಿಕ್ಕ ಗುಮ್ಮಟಗಳು.

ಹಾಗಾದ್ರೆ ಒಳಗೆ ಬೆಳಕು ಎಲ್ಲಿಂದ ಬರುತ್ತೆ? ಶಾಲೆಯಿಂದ ಟ್ರಿಪ್ ಹೋದಾಗ ಯಾರೂ ಕೇಳದ ಪ್ರಶ್ನೆ ಇದು. ಮಾಡೆಲ್ ಮಾಡಲು ಕೂತವರು ಮಾತ್ರ ಇದನ್ನು ತಪ್ಪಿಸಿಕೊಳ್ಳೋಕಾಗಲ್ಲ.

ಲೆಕ್ಕ ಸುಲಭ

ಮಸೀದಿಯ ಉದ್ದ ಸುಮಾರು 216 ಅಡಿ, ಅಗಲ 176 ಅಡಿ. ಮೀಟರಿನಲ್ಲಿ ಹೇಳಿದರೆ ಹತ್ತಿರಹತ್ತಿರ 66 ಮತ್ತು 54. 1:100 ಸ್ಕೇಲ್ ಹಿಡಿದರೆ ನಿಜದ ಒಂದು ಮೀಟರ್ ನಮಗೆ ಒಂದು ಸೆಂಟಿಮೀಟರ್. ಅಂದರೆ 66 ಸೆಂ.ಮೀ. ಉದ್ದ, 54 ಸೆಂ.ಮೀ. ಅಗಲ, ಒಂದು ಸ್ಟಡಿ ಟೇಬಲ್ ಮೇಲೆ ಕೂರುತ್ತೆ. ಬಾಡಿಗೆ ಮನೆಯಲ್ಲಿ ಜಾಗ ಕಡಿಮೆಯಿದ್ದರೆ 1:200 ಹಿಡಿಯಿರಿ, ಲ್ಯಾಪ್‌ಟಾಪ್‌ನಷ್ಟು ಜಾಗ ಸಾಕು.

ಎತ್ತರ ಅಳೆಯಲು ಏಣಿ ಬೇಡ. ಗೋಡೆಯ ಪಕ್ಕ ಗೆಳೆಯನನ್ನು ನಿಲ್ಲಿಸಿ, ದೂರದಿಂದ ನೇರವಾಗಿ ಫೋಟೋ ತೆಗೆಯಿರಿ. ಅವನ ಎತ್ತರ ಗೊತ್ತಿದ್ದರೆ ಕಮಾನಿನ ಎತ್ತರ ಅದರ ಎಷ್ಟು ಪಟ್ಟು ಅಂತ ಫೋಟೋದಲ್ಲೇ ಸಿಗುತ್ತೆ. ಚಿತ್ರ ಪ್ರಿಂಟ್ ಮಾಡುವಾಗ ಹಾಳೆಯ ಅಂಚಿಗೆ 10 ಸೆಂ.ಮೀ. ಗೆರೆ ಎಳೆದಿರಿ. ಪ್ರಿಂಟ್ ಬಂದ ಮೇಲೆ ಸ್ಕೇಲ್ ಇಟ್ಟು ಆ ಗೆರೆ ಅಳೆಯಿರಿ. 'ಫಿಟ್ ಟು ಪೇಜ್' ಆನ್ ಇದ್ದರೆ ಪ್ರಿಂಟರ್ ಸದ್ದಿಲ್ಲದೆ ಚಿತ್ರವನ್ನು ಕುಗ್ಗಿಸಿರುತ್ತೆ.

ಗೋಡೆಗೆ 5 ಮಿ.ಮೀ. ಸನ್‌ಬೋರ್ಡ್. 1:100ರಲ್ಲಿ ಅದು ಅರ್ಧ ಮೀಟರ್ ದಪ್ಪದ ಗೋಡೆಗೆ ಸಮ. ಇನ್ನೂ ದಪ್ಪ ಬೇಕಾದಲ್ಲಿ ಎರಡು ಪದರ ಅಂಟಿಸಿ. ಗುಮ್ಮಟಕ್ಕೆ ಟೇಬಲ್ ಟೆನ್ನಿಸ್ ಬಾಲ್ ಅರ್ಧ ಮಾಡಬಹುದು. ಅದರ ಅಡ್ಡಳತೆ 40 ಮಿ.ಮೀ., ಅಂದರೆ ನಮ್ಮ ಸ್ಕೇಲಿನಲ್ಲಿ 4 ಮೀಟರ್. ಅಳತೆ ಕೂಡದಿದ್ದರೆ ಜೇಡಿಮಣ್ಣಿನಲ್ಲಿ ಒಂದೇ ಒಂದು ಗುಮ್ಮಟ ಸರಿಯಾಗಿ ಮಾಡಿ, ಅದರಿಂದ ಅಚ್ಚು ತೆಗೆದು, ಪ್ಲಾಸ್ಟರ್ ಆಫ್ ಪ್ಯಾರಿಸ್ ಹೊಯ್ಯಿರಿ. ಕೋಡ್ ಬರೆಯುವವರಿಗೆ ಇದು ಹೊಸದಲ್ಲ. ಫಂಕ್ಷನ್ ಒಂದು, ಲೂಪ್ ಅರವತ್ತು ಸಲ.

ಬೆಳಕಿನ ಉತ್ತರ

ಮೇಲ್ಛಾವಣಿ ಅಂಟಿಸುವ ಮೊದಲು ಒಂದು ಪ್ರಯೋಗ ಮಾಡಿದೆ. ಛಾವಣಿಯನ್ನು ಸುಮ್ಮನೆ ಮೇಲಿಟ್ಟು, ಮಾಡೆಲ್ ಅನ್ನು ಬೆಳಗಿನ ಬಿಸಿಲಲ್ಲಿ ಇಟ್ಟೆ. ಮೊಬೈಲ್ ಕ್ಯಾಮೆರಾವನ್ನು ಒಂದು ಕಮಾನಿಗೆ ಹಿಡಿದು ನೋಡಿದರೆ ಒಳಗೆ ತಂಪಾದ, ಹದವಾದ ಬೆಳಕು. ಆಮೇಲೆ ಪಕ್ಕದ ಕಮಾನುಗಳಿಗೆ ಕಾಗದ ಅಂಟಿಸಿದೆ. ಕತ್ತಲೆ!

ಉತ್ತರ ಅಲ್ಲೇ ಇತ್ತು. ಪಶ್ಚಿಮದ ಗೋಡೆ ಬಿಟ್ಟು ಉಳಿದ ಮೂರೂ ಕಡೆ ಅಗಲವಾದ, ತಗ್ಗಾದ ಕಮಾನುಗಳು. ಅಂಗಳ ಮುಚ್ಚಿದ್ದರಿಂದ ಮೇಲಿನ ಬೆಳಕು ಹೋಯಿತು, ಅದಕ್ಕೆ ಬದಲಾಗಿ ರಫಿ ಪಕ್ಕದ ಗೋಡೆಗಳನ್ನೇ ತೆರೆದುಬಿಟ್ಟ. ಆ ಕಮಾನುಗಳ ಎದುರು ಎಷ್ಟೋ ಸಲ ಸೆಲ್ಫಿ ತೆಗೆದುಕೊಂಡಿದ್ದೇವೆ. ಅವು ಅಷ್ಟು ಅಗಲ ಯಾಕಿವೆ ಅಂತ ತಿಳಿದದ್ದು ಕಾಗದದ ಚೂರು ಅಂಟಿಸಿದಾಗ.

ಮಾಡೆಲ್ ಮಕ್ಕಳಾಟ ಅನ್ನುವವರಿಗೆ ಇನ್ನೊಂದು ಉದಾಹರಣೆ. ಇಟಲಿಯ ಫ್ಲಾರೆನ್ಸ್ ಕ್ಯಾಥೆಡ್ರಲ್‌ನ ದೊಡ್ಡ ಗುಮ್ಮಟಕ್ಕೆ 1418ರಲ್ಲಿ ಸ್ಪರ್ಧೆ ಕರೆದಾಗ ಬ್ರುನೆಲೆಸ್ಕಿ ತನ್ನ ಉಪಾಯ ತೋರಿಸಿದ್ದು ಇಟ್ಟಿಗೆಯ ಮಾಡೆಲ್ ಮೂಲಕ. ಕೈಯಲ್ಲಿ ಮಾಡಿದರೆ ಮಾತ್ರ ಒಪ್ಪಿಗೆಯಾಗುವ ಸಂಗತಿಗಳು ಇರುತ್ತವೆ.

ನಕ್ಷೆ ಇಲ್ಲದ ಮನೆ

ಮಸೀದಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಅದರ ಅಳತೆ, ನಕ್ಷೆ ಪುಸ್ತಕಗಳಲ್ಲಿವೆ. ನಾನು ಮಾಡೆಲ್ ಮಾಡದಿದ್ದರೂ ಅದಕ್ಕೇನೂ ಕೊರತೆಯಿಲ್ಲ. ಕೊರತೆ ಇರೋದು ಬೇರೆ ಕಡೆ. ಹುಮನಾಬಾದ್ ರಸ್ತೆಯಲ್ಲಿ ಸಿಗುವ ಕಮಲಾಪುರದಲ್ಲಿ ನಮ್ಮ ಮುತ್ಯಾ ಕಟ್ಟಿಸಿದ ಮನೆ ಇದೆ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಪಡಸಾಲೆ, ಮೇಲೊಂದು ಬೆಳಕಿಂಡಿ. ಪಾಲಾಗಿದೆ. ಕೆಡವಿ ಆರ್‌ಸಿಸಿ ಮನೆ ಕಟ್ಟೋದು ಅಂತ ನಿರ್ಧಾರವೂ ಆಗಿದೆ. ಬೇಡ ಅನ್ನೋಕೆ ನನಗೆ ಬಾಯಿಲ್ಲ. ಮಳೆಗಾಲದಲ್ಲಿ ಸೋರುವ ಮಾಳಿಗೆಯ ಕೆಳಗೆ ಪಾತ್ರೆ ಇಟ್ಟು ಮಲಗುವವನು ನಾನಲ್ಲ, ಕಾಕಾ.

ಎರಡು ರವಿವಾರ ಟೇಪ್ ಹಿಡಿದು ಹೋದೆ. "ಅಳತಿ ಯಾಕೋ ತಮ್ಮಾ, ಹೆಂಗೂ ಕೆಡವೂದೇ ಅದಲ್ಲ" ಅಂದ ಕಾಕಾ. ಅದಕ್ಕೇ ಅಂದೆ. ಆಮೇಲೆ ಟೇಪಿನ ಇನ್ನೊಂದು ತುದಿ ಅವನೇ ಹಿಡಿದ. ಜಂತಿಗಳನ್ನು ಎಣಿಸಿದೆವು, ಗೋಡೆಯ ಗೂಡುಗಳನ್ನು ಬರೆದುಕೊಂಡೆವು. ಬೀಸುಕಲ್ಲು ಎಲ್ಲಿತ್ತು, ತೊಟ್ಟಿಲು ಯಾವ ಕೊಂಡಿಗೆ ಕಟ್ಟುತ್ತಿದ್ದರು ಅಂತ ಆಯಿ ಕೂತಲ್ಲಿಂದಲೇ ಕೈ ಮಾಡಿ ತೋರಿಸಿದಳು. ಇದು ಯಾವ ನಕ್ಷೆಯಲ್ಲೂ ಇರುವ ಮಾಹಿತಿ ಅಲ್ಲ, ಆಯಿ ಇರುವವರೆಗೆ ಮಾತ್ರ ಸಿಗುವುದು.

ಮನೆಗೆ 1:50 ಸ್ಕೇಲ್ ಹಿಡಿದಿದ್ದೇನೆ. ಅದರಲ್ಲಿ 30 ಅಡಿಗೆ 40 ಅಡಿಯ ಮನೆಯೂ ಒಂದು ಎ4 ಹಾಳೆಗಿಂತ ಚಿಕ್ಕದು. ಗೋಡೆಗಳು ನಿಂತಿವೆ, ಮಾಳಿಗೆ ಬಾಕಿ. ನಿಮ್ಮೂರಲ್ಲೂ ಇಂಥದೊಂದು ಮನೆ ಇದ್ದರೆ ಸನ್‌ಬೋರ್ಡ್ ಆಮೇಲೆ ತರಬಹುದು. ಈ ಸಲ ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಒಂದು ಟೇಪ್ ಹಾಕಿಕೊಳ್ಳಿ.