ನಾಲ್ಕು ಖಾತೆ, ಒಂದೇ ತಿಜೋರಿ

ಯಾದಗಿರಿ ಗಂಜಿನ ಅಡತಿ ಅಂಗಡಿಯೊಂದರಲ್ಲಿ ನಾನು 28 ವರ್ಷ ಲೆಕ್ಕ ಬರೆದೆ. ಬೆಳಿಗ್ಗೆ ಶಹಾಪುರದಿಂದ ಬಸ್ಸು ಹತ್ತಿದರೆ ಮನೆ ಮುಟ್ಟುವುದು ರಾತ್ರಿಗೆ. ಸಾವ್ಕಾರರು ಮೂವರು ಅಣ್ಣತಮ್ಮಂದಿರು. ಹಿರಿಯರು ಗಂಜಿನ ಗಾದಿಯ ಮೇಲೆ, ನಡುವಿನವರು ಶಹಾಪುರದ ಹತ್ತಿ ಜಿನ್ನಿನಲ್ಲಿ, ಕಿರಿಯರು ಸುರಪುರದ ಗೊಬ್ಬರದ ಅಂಗಡಿಯಲ್ಲಿ. ಜೊತೆಗೆ ಎರಡು ಲಾರಿ. ಖಾತೆ ನಾಲ್ಕು, ತಿಜೋರಿ ಒಂದೇ.

ಕೆಂಭಾವಿ ಕಡೆಯ ರೈತ ಮುಂಗಾರಿಗೆ ನಮ್ಮಲ್ಲೇ ಗೊಬ್ಬರ ಉದ್ರಿ ಒಯ್ಯುತ್ತಿದ್ದ. ಹತ್ತಿ ಬಿಡಿಸಿದರೆ ನಮ್ಮ ಲಾರಿಯಲ್ಲೇ ನಮ್ಮ ಜಿನ್ನಿಗೆ, ತೊಗರಿ ಬಂದರೆ ನಮ್ಮ ಅಡತಿಗೆ. ಪಟ್ಟಿ ಮಾಡುವಾಗ ಉದ್ರಿ ಮುರಿದುಕೊಂಡು ಉಳಿದದ್ದನ್ನು ಎಣಿಸಿ ಕೊಡುವುದು ನನ್ನ ಕೆಲಸ. ಜಿನ್ನಿನಲ್ಲಿ ರೊಕ್ಕ ಕಡಿಮೆ ಬಿದ್ದರೆ ಸಿಗರೇಟು ಪಾಕೀಟಿನ ಹಿಂಬದಿಯಲ್ಲಿ ಒಂದು ಸಾಲು ಬರುತ್ತಿತ್ತು: ‘ಇವನ ಕೈಯಾಗ ಐವತ್ತು ಕೊಡ್ರಿ.’ ಐವತ್ತು ಅಂದರೆ ಐವತ್ತು ಸಾವಿರ. ಸಹಿ ಇಲ್ಲ, ಬಡ್ಡಿ ಇಲ್ಲ. ಅಕ್ಷರದ ಗುರುತು ಹಿಡಿದೇ ಎಣಿಸಿ ಕೊಟ್ಟಿದ್ದೇನೆ. ಬ್ಯಾಂಕಿಗೆ ಹೋದರೆ ಕಾಗದಪತ್ರ, ಜಾಮೀನು, ಹದಿನೈದು ದಿನ. ಅಂಗಳದಲ್ಲಿ ನಿಂತ ಹತ್ತಿಗಾಡಿ ಅಷ್ಟು ದಿನ ಕಾಯುವುದಿಲ್ಲ.

ಇದೇ ಅಂಗಡಿ ದೇಶದಗಲ ಬೆಳೆದರೆ ಅದನ್ನು ಉದ್ಯಮ ಸಮೂಹ ಅನ್ನುತ್ತಾರೆ. ಥಾಯ್ಲೆಂಡಿನ ಸಿ.ಪಿ. ಸಮೂಹ ಹಾಗೆ ಬೆಳೆದದ್ದು. 1921ರಲ್ಲಿ ಚೀನಾದಿಂದ ಬಂದ ಚಿಯಾ ಮನೆತನದ ಅಣ್ಣತಮ್ಮಂದಿರು ಬ್ಯಾಂಕಾಕಿನಲ್ಲಿ ‘ಚಿಯಾ ತಾಯ್’ ಅಂತ ಬೀಜದಂಗಡಿ ಇಟ್ಟರು. ಅಂಗಡಿ ಹೂಡಿದ ಚಿಯಾ ಏಕ್ ಚೋರ್ ಅವರ ನಾಲ್ವರು ಗಂಡುಮಕ್ಕಳ ಚೀನೀ ಹೆಸರುಗಳ ಮೊದಲಕ್ಷರ ಸಾಲಾಗಿ ಓದಿದರೆ ‘ಚಿಯಾ ತಾಯ್ ಚೀನಾ’ ಅಂತಾಗುತ್ತದೆ. ಅಂಗಡಿಯ ಬೋರ್ಡನ್ನೇ ತೊಟ್ಟಿಲಲ್ಲಿ ಹಂಚಿದ್ದರು! ಬೀಜದ ಬೆನ್ನಿಗೆ ಪಶು ಆಹಾರ ಬಂತು, ಆಮೇಲೆ ಕೋಳಿ. ಮರಿ, ಆಹಾರ ಕಂಪನಿಯದು, ಸಾಕುವವನು ರೈತ, ಬೆಳೆದ ಕೋಳಿ ಮತ್ತೆ ಕಂಪನಿಗೆ. ನಮ್ಮ ಉದ್ರಿ-ಪಟ್ಟಿಯ ದೊಡ್ಡಣ್ಣನೇ ಇದು. 1989ರಿಂದ ಅಲ್ಲಿ ಸೆವೆನ್-ಇಲೆವೆನ್ ಅಂಗಡಿಗಳನ್ನು ನಡೆಸುವವರೂ ಇವರೇ.

ನಮ್ಮ ನಾಡಿನದೇ ಬೇಕೆಂದರೆ ಕಿರ್ಲೋಸ್ಕರ್ ಮನೆತನ. ಆ ಹೆಸರು ನಮ್ಮಪ್ಪನಿಗೆ ಕಬ್ಬಿಣದ ರಂಟೆ, ನನಗೆ ಬಾವಿ ದಂಡೆಯ ಡೀಸೆಲ್ ಇಂಜಿನ್ನು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್, ಅಣ್ಣನ ಜೊತೆ ಸೇರಿ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಮುಂದೆ ರಂಟೆ ಮಾಡಿದಾಗ, ಕಬ್ಬಿಣ ತಾಗಿದರೆ ಹೊಲಕ್ಕೆ ವಿಷ ಏರುತ್ತದೆ ಅಂತ ರೈತರು ಮೊದಮೊದಲು ಮುಟ್ಟಲೇ ಇಲ್ಲ. 1910ರಲ್ಲಿ ಔಂಧ ಸಂಸ್ಥಾನದ ಬರಡು ನೆಲದಲ್ಲಿ ಕಾರ್ಖಾನೆಯ ಜೊತೆ ಊರನ್ನೇ ಕಟ್ಟಿದರು, ಅದು ಕಿರ್ಲೋಸ್ಕರವಾಡಿ. ಅಲ್ಲಿ ಮಾಡುವ ಪಂಪಿಗೆ ಇಂಜಿನ್ನು ಬೇಕು, ಮೋಟಾರು ಬೇಕು. ಇವನ್ನೆಲ್ಲ ಮಾಡಲು ಲೇತು ಬೇಕು. 1941ರಲ್ಲಿ ಹರಿಹರದಲ್ಲಿ ಲೇತಿನ ಕಾರ್ಖಾನೆ, 1946ರಲ್ಲಿ ಪುಣೆಯಲ್ಲಿ ಇಂಜಿನ್ನಿನದು, ಬೆಂಗಳೂರಿನಲ್ಲಿ ಮೋಟಾರಿನದು ಎದ್ದವು. ಹೊರಗೆ ಸಿಗದ್ದನ್ನು ಮನೆಯಲ್ಲೇ ಮಾಡಿಕೊಳ್ಳುವುದು, ಹೊರಗಿನವರನ್ನು ನಂಬಲಾಗದ ಕಡೆ ಮನೆಯವರನ್ನು ಕೂರಿಸುವುದು: ಗಂಜಿನಲ್ಲೂ ಅದೇ, ಬ್ಯಾಂಕಾಕಿನಲ್ಲೂ ಅದೇ.

ಒಂದೇ ತಿಜೋರಿಗೆ ಒಂದೇ ಬೆಂಕಿ ಸಾಕು ಅನ್ನುವುದೂ ಅಷ್ಟೇ ನಿಜ. 1997ರಲ್ಲಿ ಥಾಯ್ ನಾಣ್ಯ ಕುಸಿದಾಗ ಸಿ.ಪಿ.ಯವರು ತಮ್ಮ ಲೋಟಸ್ ಮಳಿಗೆಗಳ ಹಿಡಿತವನ್ನು ಬ್ರಿಟನ್ನಿನ ಟೆಸ್ಕೊಗೆ ಬಿಟ್ಟುಕೊಡಬೇಕಾಯಿತು. ಮರಳಿ ಕೊಳ್ಳಲು 2020 ಬರಬೇಕಾಯಿತು. ಕಿರ್ಲೋಸ್ಕರ್ ಮನೆತನದಲ್ಲಿ 2009ರ ಕುಟುಂಬ ಕರಾರಿನ ತಕರಾರು ಸುಪ್ರೀಂ ಕೋರ್ಟು ಮುಟ್ಟಿತು. ಇನ್ನು ರೈತನ ಕಡೆಯಿಂದ ನೋಡಿದರೆ, ಗೊಬ್ಬರ ಕೊಟ್ಟವನೇ ಹತ್ತಿಯ ದರ ಹೇಳುವಾಗ ಅವನು ಯಾರ ಹತ್ತಿರ ಚೌಕಾಸಿ ಮಾಡಬೇಕು?

ನಮ್ಮ ಸಾವ್ಕಾರರೂ ಪಾಲಾದರು. ಆ ದೀಪಾವಳಿ ಪಾಡ್ಯದಂದು ಮೂರು ಹೊಸ ಖಾತೆಗಳಿಗೆ ಕುಂಕುಮ ಹಚ್ಚಿದೆ. ಜಿನ್ನು, ಅಂಗಡಿ, ಲಾರಿಗೆ ಬೆಲೆ ಕಟ್ಟಿ ಹಂಚಿದ್ದಾಯಿತು. ಉದ್ರಿ ಉಳಿಯಿತು. ಕೆಂಭಾವಿಯ ರೈತ ಬಂದು ಕೇಳಿದ: “ಗುಮಾಸ್ತರ, ನಾ ಈಗ ಯಾರಿಗ್ ಕೊಡಬೇಕ್ರೀ?”

ಮೊದಲಾಗಿದ್ದರೆ ಬೆಳೆ ಕೈಕೊಟ್ಟ ವರ್ಷ ಹಿರಿಯರು, “ಅರ್ಧ ಮುರ್ಕೋ, ಉಳಿದದ್ದು ಮುಂದಿನ ವರ್ಷಕ್ಕ ಹಾಕು” ಅನ್ನುತ್ತಿದ್ದರು. ಈಗ ಮೂವರೂ ತಮ್ಮ ತಮ್ಮ ಬಾಕಿ ಪೂರಾ ಕೇಳಿದರು. ಆ ವರ್ಷ ಅವನಿಗೆ ಮೂರು ಪಟ್ಟಿ ಮಾಡಿದೆ. ಮೂರನೆಯದು ಮುಗಿದಾಗ ಎಣಿಸಿ ಕೊಡಲು ಏನೂ ಉಳಿದಿರಲಿಲ್ಲ.