ಬೋರ್ಡಿನಲ್ಲಿ ಒಂದು ಹೆಸರು, ಬಾಯಲ್ಲಿ ಇನ್ನೊಂದು: ಹೊಸಬರಿಗೆ ಮೈಸೂರು ಸಿಗುವುದು ಹೇಗೆ?

ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡು ಊರಾಚೆ ಇಲ್ಲ, ನಟ್ಟನಡುವೆ ಇದೆ. ದೊಡ್ಡಕೆರೆ ಮೈದಾನದಲ್ಲಿ ಕೆರೆ ಇಲ್ಲ. ಹಾರ್ಡಿಂಜ್ ಸರ್ಕಲ್ಲಿನಲ್ಲಿ ಹಾರ್ಡಿಂಜ್ ಸಾಹೇಬರಿಲ್ಲ. ಅರಮನೆ ಇದೆ, ರಾಜ್ಯಭಾರ ಇಲ್ಲ. ಹೀಗಿದ್ದೂ ದಿನ ಬೆಳಗಾದರೆ ಹೊಸ ಹೊಸ ಜನ ಬ್ಯಾಗು ಹೆಗಲಿಗೇರಿಸಿಕೊಂಡು ಈ ಊರಿಗೆ ಬಂದು ಇಳಿಯುತ್ತಲೇ ಇದ್ದಾರೆ. ಓದುವ ಹುಡುಗರು, ವರ್ಗವಾಗಿ ಬಂದ ಗುಮಾಸ್ತರು, ದೊಡ್ಡಾಸ್ಪತ್ರೆಗೆ ರೋಗಿಯನ್ನು ಕರೆತಂದವರು, ರಿಟೈರಾದ ಮೇಲೆ ನೆಮ್ಮದಿಯಾಗಿರೋಣ ಅಂದುಕೊಂಡವರು, ಎಲ್ಲರೂ ಇದ್ದಾರೆ.

ಇವರೆಲ್ಲರ ಕೈಯಲ್ಲೂ ಒಂದು ವಿಳಾಸ ಇರುತ್ತದೆ. ಚೀಟಿಯಲ್ಲೋ ಮೊಬೈಲಿನಲ್ಲೋ ಬರೆದುಕೊಂಡದ್ದು. ಕಷ್ಟ ಶುರುವಾಗುವುದೇ ಅಲ್ಲಿಂದ.

"ಈ ಬಸ್ಸು ಜಯಚಾಮರಾಜ ಒಡೆಯರ್ ವೃತ್ತಕ್ಕೆ ಹೋಗತೈತೇನ್ರಿ?" ಎಂದು ಉತ್ತರ ಕರ್ನಾಟಕದ ಹುಡುಗ ಕೇಳುತ್ತಾನೆ. ಕಂಡಕ್ಟರು ಒಂದು ಕ್ಷಣ ಕಣ್ಣು ಪಿಳಿಪಿಳಿ ಬಿಡುತ್ತಾರೆ. "ಅದ್ಯಾವುದಪ್ಪ ಅದು... ಓ, ಹಾರ್ಡಿಂಜ್ ಸರ್ಕಲ್ಲಾ? ಹಂಗಂತ ಹೇಳೋದಲ್ವಾ? ಹತ್ತು ಹತ್ತು!"

ಬ್ರಿಟಿಷ್ ವೈಸ್‌ರಾಯರ ಹೆಸರು ಬೋರ್ಡಿನಿಂದ ಇಳಿದಿದೆ. ಕೊನೆಯ ಮಹಾರಾಜರ ಪ್ರತಿಮೆಯೂ ಅಲ್ಲಿ ನಿಂತಿದೆ. ಆದರೆ ಜನರ ಬಾಯಿಂದ ಹಾರ್ಡಿಂಜ್ ಇನ್ನೂ ಇಳಿದಿಲ್ಲ. ಈ ಊರಿನಲ್ಲಿ ಹೊಸಬ ಮೊದಲು ಕಲಿಯಬೇಕಾದ ಪಾಠ ಇದೇ. ಬೋರ್ಡು ಓದಿದರೆ ಸಾಲದು, ಬಾಯಿ ಮಾತು ಕೇಳಿಸಿಕೊಳ್ಳಬೇಕು.

ರಾಜ ಇಲ್ಲಿ, ದಫ್ತರ ಅಲ್ಲಿ

ಹೊರಗಿನವರು ಅನೇಕರು ಮೈಸೂರು ನಿನ್ನೆ ಮೊನ್ನೆಯವರೆಗೂ ರಾಜಧಾನಿಯಾಗಿತ್ತು, ಸ್ವಾತಂತ್ರ್ಯ ಬಂದ ಮೇಲೆ ಬೆಂಗಳೂರು ಅದನ್ನು ಕಿತ್ತುಕೊಂಡಿತು ಎಂದು ತಿಳಿದಿದ್ದಾರೆ. ಕಥೆ ಅಷ್ಟು ಸಲೀಸಲ್ಲ.

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಗೆದ್ದು ಸಿಂಹಾಸನವನ್ನು ಅಲ್ಲಿಗೆ ಒಯ್ದರು. ಆಮೇಲೆ ಸುಮಾರು 190 ವರ್ಷ ಮೈಸೂರು ಹಿಂದೆ ಬಿದ್ದಿತು. 1799ರಲ್ಲಿ ಟಿಪ್ಪು ಸುಲ್ತಾನ್ ಯುದ್ಧದಲ್ಲಿ ಮಡಿದ ಮೇಲೆ, ಇನ್ನೂ ಐದು ವರ್ಷ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದರು. ರಾಜಧಾನಿ ಮೈಸೂರಿಗೆ ವಾಪಸು ಬಂತು. ಮೂವತ್ತೆರಡು ವರ್ಷ ಆಯಿತೋ ಇಲ್ಲವೋ, 1831ರಲ್ಲಿ ಬ್ರಿಟಿಷರು ಆಡಳಿತವನ್ನೇ ಕೈಗೆ ತೆಗೆದುಕೊಂಡು ಕಚೇರಿಯನ್ನು ಬೆಂಗಳೂರಿಗೆ ಸಾಗಿಸಿದರು. ಅಲ್ಲಿನ ಅಠಾರ ಕಚೇರಿ 1868ರಲ್ಲಿ ಎದ್ದು ನಿಂತಿತು. 1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿತಾದರೂ ಕಡತಗಳು ಬೆಂಗಳೂರಿನಿಂದ ಮರಳಲಿಲ್ಲ.

ಅಂದರೆ ರಾಜ ಇಲ್ಲಿ, ದಫ್ತರ ಅಲ್ಲಿ. ಕಚೇರಿಯ ಗದ್ದಲ ಬೆಂಗಳೂರಿನ ಪಾಲಾಯಿತು. ಅರಮನೆ, ಪೇಟೆ, ದಸರಾ, ಮುಂದೆ 1916ರಲ್ಲಿ ವಿಶ್ವವಿದ್ಯಾನಿಲಯ, ಇವು ಮೈಸೂರಿನ ಪಾಲಿಗೆ ಬಂದವು. ಇಲ್ಲಿ ಅಂಗಡಿಯವರು ಮಧ್ಯಾಹ್ನ ಅರ್ಧ ಬಾಗಿಲು ಹಾಕಿ ಊಟಕ್ಕೆ ಹೋಗುವುದನ್ನು ಕಂಡು ಬೆಂಗಳೂರಿನಿಂದ ಬಂದ ಹೊಸಬ "ಏನ್ರೀ ಇದು, ವ್ಯಾಪಾರ ಬೇಡ್ವಾ?" ಅನ್ನುತ್ತಾನೆ. ಒಂದು ವರ್ಷ ಇಲ್ಲಿದ್ದರೆ ಅವನೂ ಊಟ ಮುಗಿಸಿ ಒಂದು ಕೋಳಿನಿದ್ದೆ ತೆಗೆಯುವುದನ್ನು ಕಲಿಯುತ್ತಾನೆ.

ಹೆಸರಿನೊಳಗೆ ಊರು

ಮೊಹಲ್ಲಾಗಳ ಹೆಸರನ್ನು ಹಿಡಿದರೆ ಅರ್ಧ ಊರು ತಿಳಿದ ಹಾಗೆ. ಲಷ್ಕರ್ ಅಂದರೆ ದಂಡು, ಲಷ್ಕರ್ ಮೊಹಲ್ಲಾ ಆ ಹೆಸರಿನದು. ಮಂಡಿ ಅಂದರೆ ಸಗಟು ವ್ಯಾಪಾರದ ಜಾಗ. ಮಂಡಿ ಮೊಹಲ್ಲಾದಲ್ಲಿ ಮೂಟೆ ಇಳಿಸುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಂತೇಪೇಟೆ ತನ್ನ ಕಥೆಯನ್ನು ತಾನೇ ಹೇಳುತ್ತದೆ. ನಜರಬಾದಿನಲ್ಲಿ ಟಿಪ್ಪು ಹೊಸ ಕೋಟೆ ಕಟ್ಟಲು ಹೊರಟಿದ್ದ. ಕೋಟೆ ಉಳಿಯಲಿಲ್ಲ, ಹೆಸರು ಉಳಿಯಿತು.

ನೀರಿನ ಹೆಸರುಗಳದ್ದು ಇನ್ನೂ ತಮಾಷೆ. ದೊಡ್ಡಕೆರೆ ಮೈದಾನದಲ್ಲಿ ದಸರಾ ವಸ್ತುಪ್ರದರ್ಶನ ನಡೆಯುತ್ತದೆ. ಹಪ್ಪಳ, ಬಜ್ಜಿ, ತಿರುಗುವ ತೊಟ್ಟಿಲು ಎಲ್ಲ ಸಿಗುತ್ತದೆ, ಕೆರೆ ಮಾತ್ರ ಸಿಗುವುದಿಲ್ಲ. ಜೆ.ಕೆ. ಗ್ರೌಂಡ್ ಅಂದರೆ ಯಾವುದೋ ದೊಡ್ಡ ಮನುಷ್ಯರ ಇನಿಷಿಯಲ್ಲು ಎಂದು ಕಾಲೇಜು ಹುಡುಗರು ತಿಳಿದಿದ್ದಾರೆ. ಅದು ಜೀವರಾಯನ ಕಟ್ಟೆ. ಸಯ್ಯಾಜಿರಾವ್ ರಸ್ತೆಯಲ್ಲಿ ಸೀರೆ ಕೊಳ್ಳುವವರ ಕಾಲಡಿಯಲ್ಲೂ ಒಂದು ನಾಲೆಯ ಕಥೆ ಇದೆ. ದಿವಾನ್ ಪೂರ್ಣಯ್ಯನವರು ಕಾವೇರಿ ನೀರನ್ನು ಊರಿಗೆ ತರಲು ನಾಲೆ ತೋಡಿಸಿದರು. ನೀರು ಬರಲಿಲ್ಲ. ನಾಲೆ ಕೊಳಕು ಹರಿಯುವ ಚರಂಡಿಯಾಯಿತು. 19ನೇ ಶತಮಾನದ ಕೊನೆಯ ಹೊತ್ತಿಗೆ ಅದನ್ನು ಮುಚ್ಚಿ ರಸ್ತೆ ಮಾಡಿದರು. ಇಂದು ವಿಜಯದಶಮಿಯ ಜಂಬೂ ಸವಾರಿ ಅರಮನೆಯಿಂದ ಬನ್ನಿಮಂಟಪಕ್ಕೆ ಹೋಗುವುದು ಇದೇ ರಸ್ತೆಯಲ್ಲಿ.

ಬೆಂಕಿ, ಪ್ಲೇಗು, ಕನ್ಸರ್ವೆನ್ಸಿ

ಹೊಸಬರು "ಸಾವಿರಾರು ವರ್ಷದ ಅರಮನೆ" ಎಂದು ಬಾಯಿ ಬಿಟ್ಟು ನೋಡುವ ಅಂಬಾವಿಲಾಸ ಅರಮನೆಗೆ ಇನ್ನೂ ಒಂದೂಕಾಲು ಶತಮಾನವೂ ಆಗಿಲ್ಲ. ಹಳೆಯದು ಮರದ ಅರಮನೆ. 1897ರಲ್ಲಿ ರಾಜಕುಮಾರಿಯ ಮದುವೆ ಸಮಯದಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು. ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ಶಿಲ್ಪಿಯ ನಕ್ಷೆಯಂತೆ ಈಗಿನದು 1912ರಲ್ಲಿ ಮುಗಿಯಿತು.

ಬೆಂಕಿಯ ಬೆನ್ನಿಗೇ ಪ್ಲೇಗು ಬಂತು. ಇಕ್ಕಟ್ಟಿನ ಕೇರಿಗಳಲ್ಲಿ ಇಲಿ ಬಿದ್ದರೆ ಮನೆ ಖಾಲಿ ಮಾಡಬೇಕಾದ ಕಾಲ. 1903ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಹುಟ್ಟಿತು. ಅಗಲ ರಸ್ತೆ, ಗಾಳಿ ಬೆಳಕಿನ ಮನೆ, ಎರಡು ಸಾಲು ಮನೆಗಳ ಹಿತ್ತಿಲ ನಡುವೆ ಒಂದು ಸಣ್ಣ ಗಲ್ಲಿ, ಹೀಗೆ ಹೊಸ ಬಡಾವಣೆಗಳು ಬೆಳೆದವು. ಆ ಹಿತ್ತಿಲ ಗಲ್ಲಿಗೇ ಮೈಸೂರಿನವರು "ಕನ್ಸರ್ವೆನ್ಸಿ" ಅನ್ನುವುದು. ಹಿಂದೆ ಕಕ್ಕಸು ಶುಚಿ ಮಾಡುವವರು ಮುಂಬಾಗಿಲಿಗೆ ಬರದಂತೆ ಈ ದಾರಿಯಲ್ಲಿ ಬಂದು ಹೋಗಬೇಕಿತ್ತು. ಊರಿನ ಅಂದವನ್ನು ಹೊಗಳುವವರು ಈ ಗಲ್ಲಿಯಲ್ಲಿ ನಡೆದವರನ್ನೂ ನೆನೆಯಬೇಕು.

ಬಾಡಿಗೆ ಮನೆ ಹುಡುಕುವ ಹೊಸಬನಿಗೆ ಈ ಮಾತು ಗೊತ್ತಿರಲೇಬೇಕು. "ಮನೆ ಹಿಂದೆ ಕನ್ಸರ್ವೆನ್ಸಿ ಐತೆ, ಗಾಳಿ ಚೆನ್ನಾಗಿ ಬರುತ್ತೆ" ಎಂದು ಮನೆ ಯಜಮಾನರು ಹೇಳಿದರೆ ತಲೆಯಾಡಿಸಿ ಸುಮ್ಮನೆ ಬರಬಾರದು. ಹಿಂದಕ್ಕೆ ಹೋಗಿ ಅಲ್ಲಿ ಗಾಳಿ ಇದೆಯೋ ಕಸದ ರಾಶಿ ಇದೆಯೋ ನೋಡಿಕೊಂಡು ಬರಬೇಕು.

ಅಂಗಡಿಯವರೇ ನಕ್ಷೆ

ಮೊಬೈಲಿನ ಮ್ಯಾಪು ರಸ್ತೆ ತೋರಿಸುತ್ತದೆ. ಆದರೆ ಅರಮನೆಯ ಪೂರ್ವಕ್ಕಿರುವ ಜಯಮಾರ್ತಾಂಡ ದ್ವಾರದ ಮುಂದೆ ಬಿಸಿಲಲ್ಲಿ ನಿಂತ ಕುಟುಂಬಕ್ಕೆ "ಒಳಗೆ ಬಿಡೋದು ಇಲ್ಲಲ್ಲಮ್ಮ, ದಕ್ಷಿಣದ ವರಾಹ ದ್ವಾರದಲ್ಲಿ" ಎಂದು ಹೇಳುವುದು ಎಳನೀರು ಮಾರುವವನು. ಸಿಟಿ ಬಸ್ ಸ್ಟ್ಯಾಂಡು ಬೇರೆ, ಸಬರ್ಬನ್ ಬೇರೆ ಎಂದು ಊರಿಗೆ ಹೊರಟ ಅಜ್ಜಿಯನ್ನು ತಿರುಗಿಸಿ ಕಳಿಸುವುದು ಬೀಡಾ ಅಂಗಡಿಯವನು. ದೊಡ್ಡ ಗಡಿಯಾರ ಬೇರೆ, ಚಿಕ್ಕ ಗಡಿಯಾರ ಬೇರೆ. ಟೌನ್‌ಹಾಲ್ ಹತ್ತಿರದ್ದು 1927ರಲ್ಲಿ ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ ಕಟ್ಟಿದ್ದು. ಅದರ ಮುಖದ ಮೇಲೆ ಕನ್ನಡ ಅಂಕಿ. ಇನ್ನೊಂದು ದೇವರಾಜ ಮಾರುಕಟ್ಟೆಯ ಮುಂದಿನದು. "ಗಡಿಯಾರದ ಹತ್ರ ಸಿಗು" ಎಂದಷ್ಟೇ ಹೇಳಿ ಎರಡು ಗಡಿಯಾರದ ಕೆಳಗೆ ಇಬ್ಬರು ಒಂದೊಂದು ಗಂಟೆ ಕಾದ ಪ್ರಸಂಗಗಳು ಎಷ್ಟೋ.

ಮೋಸವೂ ಇಲ್ಲದಿಲ್ಲ. "ಇವತ್ತು ಅರಮನೆ ರಜಾ ಸಾರ್, ಒಳ್ಳೆ ಸಿಲ್ಕ್ ಅಂಗಡಿ ತೋರಿಸ್ತೀನಿ" ಎಂದು ಕಮಿಷನ್ ಆಸೆಗೆ ಹತ್ತಿಸಿಕೊಂಡು ಹೋಗುವ ಮಹಾನುಭಾವರೂ ಇದ್ದಾರೆ. ಅಂಥವರ ಕೈಗೆ ಸಿಕ್ಕವನು ಬದುಕಿರುವವರೆಗೆ ಮೈಸೂರನ್ನು ಬೈಯುತ್ತಾನೆ. ಎದುರು ಅಂಗಡಿಯವರು "ರಜಾ ಇಲ್ಲ ಹೋಗಿ ಸ್ವಾಮಿ" ಎಂದು ಒಂದು ಮಾತು ಹೇಳಿದರೆ ಅವನೇ ಮುಂದಿನ ದಸರಾಕ್ಕೆ ಹೆಂಡತಿ ಮಕ್ಕಳನ್ನು ಕರೆತರುತ್ತಾನೆ.

ಗುರುತು ಬಿದ್ದರೆ ದಾರಿ ಎಲ್ಲಿ?

ಚಿಂತೆಯ ಮಾತು ಬೇರೆಯೇ ಇದೆ. ಈ ಊರಿನಲ್ಲಿ ದಾರಿ ಹೇಳುವುದು ಕಟ್ಟಡಗಳನ್ನು ಹಿಡಿದು. ಆ ಕಟ್ಟಡಗಳೇ ಒಂದೊಂದಾಗಿ ಕುಸಿದಿವೆ. 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್ 25ರಂದು ಬಿದ್ದು ನಾಲ್ಕು ಜನ ಸತ್ತರು. ಹಳೇ ಪುಸ್ತಕ ಕೊಳ್ಳಲು ಓದುವ ಹುಡುಗರು ಎಡತಾಕುತ್ತಿದ್ದ ಸಾಲು ಅದು. ಅಂಗಡಿಗಳನ್ನು ಖಾಲಿ ಮಾಡಿಸಿದರು. 2016ರ ಆಗಸ್ಟ್ 28ರಂದು ದೇವರಾಜ ಮಾರುಕಟ್ಟೆಯ ಉತ್ತರ ದ್ವಾರ ಕುಸಿಯಿತು. ಪುಣ್ಯಕ್ಕೆ ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಕೆಡವಿ ಹೊಸದು ಕಟ್ಟಿ ಎಂದು ಒಂದು ಸಮಿತಿ, ಉಳಿಸಿ ರಿಪೇರಿ ಮಾಡಿ ಎಂದು ಇನ್ನೊಂದು ಸಮಿತಿ. ಜಗಳ ಕೋರ್ಟು ಮೆಟ್ಟಿಲು ಹತ್ತಿತು.

ಇದರಲ್ಲಿ ಎರಡು ಕಡೆಗೂ ನ್ಯಾಯವಿದೆ. ತಲೆಯ ಮೇಲೆ ಗೋಡೆ ಬೀಳುತ್ತದೆಂದು ಹೆದರಿ ಮಲ್ಲಿಗೆ ಮಾರಲಾಗುವುದಿಲ್ಲ. ಹಾಗೆಂದು ನಾಲ್ಕು ತಲೆಮಾರು ಒಂದೇ ಕಟ್ಟೆಯ ಮೇಲೆ ಕೂತು ವೀಳ್ಯದೆಲೆ ಎಣಿಸಿದವರನ್ನು ಎಬ್ಬಿಸಿ ಊರಾಚೆ ಕಳಿಸಿದರೆ, ಅವರ ಜೊತೆಗೆ ದಾರಿ ಹೇಳುವ ಬಾಯಿಯೂ ಹೋಗುತ್ತದೆ. ಕಟ್ಟಡ ಬಿದ್ದರೆ ಇನ್ನೊಂದು ಕಟ್ಟಬಹುದು. "ರಸಬಾಳೆ ಸಾಲು ದಾಟಿ ಎಡಕ್ಕೆ ತಿರುಗು, ಕುಂಕುಮದ ಅಂಗಡಿ ಪಕ್ಕ" ಅನ್ನುವ ಮಾತನ್ನು ಯಾವ ಕಂಟ್ರಾಕ್ಟರೂ ಕಟ್ಟಿಕೊಡಲಾರ. ಉಳಿಸುವುದಾದರೂ ಸರಿ, ಕಟ್ಟುವುದಾದರೂ ಸರಿ, ಹಳೇ ಅಂಗಡಿಯವರಿಗೆ ಹಳೇ ಜಾಗದಲ್ಲೇ ಮೊದಲ ಹಕ್ಕು ಎಂಬುದು ಬರವಣಿಗೆಯಲ್ಲಿ ಆಗಬೇಕು.

ಇನ್ನು ಸಣ್ಣ ಕೆಲಸಗಳು. ರಸ್ತೆ ಬೋರ್ಡಿನಲ್ಲಿ ಹೊಸ ಹೆಸರಿನ ಕೆಳಗೆ ಬಳಕೆಯ ಹೆಸರನ್ನೂ ಬರೆಸಲು ಎಷ್ಟು ಬಣ್ಣ ಬೇಕು? ಎರಡು ಬಸ್ ಸ್ಟ್ಯಾಂಡುಗಳಲ್ಲೂ ಕನ್ನಡದಲ್ಲಿ ಒಂದು ದೊಡ್ಡ ನಕ್ಷೆ ಹಾಕಿಸಲು ಯಾರ ಅಪ್ಪಣೆ ಬೇಕು?

ಅಲ್ಲಿಯವರೆಗೆ ಹೊಸಬರಿಗೆ ಒಂದು ಉಪಾಯ ಇದೆ. ಒಂದು ಸಂಜೆ ಬಿಡುವು ಮಾಡಿಕೊಂಡು ಬಸ್ಸಿನಲ್ಲಿ ಚಾಮುಂಡಿ ಬೆಟ್ಟಕ್ಕೆ ಹೋಗಿ, ಇಳಿಯುವಾಗ ಮೆಟ್ಟಿಲು ಹಿಡಿದು ಬರಬೇಕು. ದಾರಿಯಲ್ಲಿ ದೊಡ್ಡ ನಂದಿಯ ದರ್ಶನವೂ ಆಗುತ್ತದೆ. ಭಾನುವಾರವಾದರೆ ಅರಮನೆಯ ಸುಮಾರು ಒಂದು ಲಕ್ಷ ದೀಪ ಒಟ್ಟಿಗೇ ಹತ್ತುವುದು ಬೆಟ್ಟದ ಮೇಲಿನಿಂದಲೇ ಕಾಣುತ್ತದೆ. ಅರಮನೆ ನಡುವೆ, ರಸ್ತೆಗಳು ಸುತ್ತಲೂ. ಊರಿನ ಲೆಕ್ಕ ಅಷ್ಟೇ. ಉಳಿದದ್ದನ್ನು ಕೆಳಗೆ ಇಳಿದ ಮೇಲೆ ಯಾವುದಾದರೂ ಅಂಗಡಿ ಮುಂದೆ ನಿಂತು ಕೇಳಿದರಾಯಿತು.

ಆ ಅಂಗಡಿ ಅಲ್ಲೇ ಇರುವಂತೆ ನೋಡಿಕೊಳ್ಳುವುದು ಮಾತ್ರ ಹೊಸಬರ ಕೈಯಲ್ಲಿಲ್ಲ. ಸಂಬಂಧಪಟ್ಟವರು ಗಮನಿಸುವರೇ?