ಅಚ್ಚು ಹಾಕಿದವರಿಗೂ ಒಂದು ಪ್ರದರ್ಶನ

ಮಕ್ಕಳೇ, ಅಜ್ಜಿಯ ಪೆಟ್ಟಿಗೆಯಲ್ಲಿ ಹಳೆಯ ಮದುವೆ ಕಾಗದ ಇದ್ದರೆ ಕೇಳಿ ತೆಗೆಸಿ. ಅಕ್ಷರಗಳ ಮೇಲೆ ಮೆಲ್ಲನೆ ಬೆರಳಾಡಿಸಿ. ಬಣ್ಣ ದಪ್ಪವಾಗಿ, ಕಾಗದದಿಂದ ತುಸು ಮೇಲೆದ್ದಂತೆ ತಾಗುತ್ತದೆಯೇ? ಹಾಗಾದರೆ ಅದು ಸ್ಕ್ರೀನ್ ಪ್ರಿಂಟಿಂಗ್ ಆಗಿರಬಹುದು. ಮದುವೆ ಕಾಗದ, ಬಟ್ಟೆ ಚೀಲ, ಬಟ್ಟೆಯ ಬ್ಯಾನರ್, ಆಟದ ಅಂಗಿಯ ಮೇಲಿನ ನಂಬರು, ಇವೆಲ್ಲ ಈ ವಿಧಾನದಲ್ಲಿ ಅಚ್ಚಾಗುತ್ತವೆ.

ಇದರ ಗುಟ್ಟು ನಿಮಗೆ ಗೊತ್ತಿರುವುದೇ. ತೂತುಗಳಿರುವ ರಂಗೋಲಿ ಅಚ್ಚನ್ನು ನೆಲದ ಮೇಲಿಟ್ಟು ಪುಡಿ ಸವರಿದರೆ, ತೂತಿದ್ದಲ್ಲಿ ಮಾತ್ರ ಪುಡಿ ಇಳಿಯುತ್ತದೆ ಅಲ್ಲವೇ? ಇಲ್ಲಿ ತಗಡಿನ ಬದಲು ಮರದ ಚೌಕಟ್ಟಿಗೆ ಬಿಗಿದ ತೆಳು ಜಾಲರಿ ಬಟ್ಟೆ. ಹಿಂದೆ ರೇಷ್ಮೆ ಇತ್ತು, ಈಗ ನೈಲಾನ್ ಅಥವಾ ಪಾಲಿಯೆಸ್ಟರ್. ಅದಕ್ಕೆ ಬೆಳಕು ತಾಗಿದರೆ ಗಟ್ಟಿಯಾಗುವ ಒಂದು ದ್ರಾವಣ ಬಳಿದು ಒಣಗಿಸುತ್ತಾರೆ. ಮೇಲೆ ಕಪ್ಪು ಅಕ್ಷರಗಳ ಪಾರದರ್ಶಕ ಹಾಳೆ ಇಟ್ಟು ಬೆಳಕು ಬಿಡುತ್ತಾರೆ. ಅಕ್ಷರದ ನೆರಳು ಬಿದ್ದ ಭಾಗ ಮೆತ್ತಗೇ ಉಳಿದು, ನೀರು ಹಾಯಿಸಿದಾಗ ತೊಳೆದುಹೋಗುತ್ತದೆ. ಆಮೇಲೆ ಜಾಲರಿಯ ಮೇಲೆ ಬಣ್ಣ ಹಾಕಿ ರಬ್ಬರ್ ಪಟ್ಟಿಯಿಂದ ಎಳೆದರೆ ಕೆಳಗಿನ ಕಾಗದದಲ್ಲಿ ಅಕ್ಷರ ಮೂಡುತ್ತದೆ.

ಒಂದೊಂದು ಬಣ್ಣಕ್ಕೆ ಒಂದೊಂದು ಜಾಲರಿ ಬೇಕು. ಕೆಂಪು, ಹಳದಿ ಎರಡೇ ಬಣ್ಣದ 500 ಕಾಗದ ಎಂದಿಟ್ಟುಕೊಳ್ಳಿ. ಕೈಯಿಂದ ಎಷ್ಟು ಸಲ ಎಳೆಯಬೇಕು? ಸಾವಿರ ಸಲ! ಎರಡನೆಯ ಬಣ್ಣ ಕೂದಲೆಳೆಯಷ್ಟು ಸರಿದರೂ ಕೆಲಸ ಕೆಟ್ಟಂತೆ.

ಇಷ್ಟು ದುಡಿದವರ ಹೆಸರು ಯಾರಿಗೆ ನೆನಪಿರುತ್ತದೆ? ಲಂಡನ್ನಿನಲ್ಲಿ ಅಂಥ ದಂಪತಿಯ ಹೆಸರು ಉಳಿದಿದೆ. ಕ್ರಿಸ್ ಪ್ರೇಟರ್ ಮತ್ತು ರೋಸ್ 1957ರಲ್ಲಿ ‘ಕೆಲ್‌ಪ್ರಾ ಸ್ಟುಡಿಯೊ’ ಎಂಬ ಸಣ್ಣ ಸ್ಕ್ರೀನ್ ಪ್ರಿಂಟಿಂಗ್ ಕಾರ್ಯಾಗಾರ ತೆರೆದರು. ಆಗ ಈ ಕೆಲಸವನ್ನು ಜಾಹೀರಾತಿಗೆ, ಅಂಗಡಿ ಬೋರ್ಡಿಗೆ ಮಾತ್ರ ಸರಿ ಎಂದು ಹಲವರು ಭಾವಿಸಿದ್ದರು. ಕ್ರಿಸ್ ಚೂರಿ ಹಿಡಿದು ಅಚ್ಚಿನ ಆಕಾರಗಳನ್ನು ಕತ್ತರಿಸುವ ನಾಜೂಕು ನೋಡಿ ಹೆಸರಾಂತ ಕಲಾವಿದರೇ ಅವರನ್ನು ಹುಡುಕಿಕೊಂಡು ಬಂದರು. 1965ರಲ್ಲಿ ಎಡ್ವಾರ್ಡೊ ಪಾವೊಲೊಜಿ ಎಂಬ ಕಲಾವಿದನ 12 ಚಿತ್ರಗಳ ಮಾಲೆ ಅಲ್ಲಿ ಅಚ್ಚಾಯಿತು. ದಂಪತಿ ತಮ್ಮಲ್ಲಿದ್ದ ಅಚ್ಚುಚಿತ್ರಗಳ ದೊಡ್ಡ ಸಂಗ್ರಹವನ್ನು 1975ರಲ್ಲಿ ಟೇಟ್ ಗ್ಯಾಲರಿಗೆ ಕೊಟ್ಟರು. ಆ ಕೊಡುಗೆಯ ಗೌರವಕ್ಕೆ ಗ್ಯಾಲರಿ 1980ರಲ್ಲಿ ಪ್ರದರ್ಶನವನ್ನೇ ಏರ್ಪಡಿಸಿತು. ಚಿತ್ರ ಬರೆದವರು ಅನೇಕರು, ಆದರೆ ಪ್ರದರ್ಶನ ನಡೆದದ್ದು ಅಚ್ಚು ಹಾಕಿದವರ ಹೆಸರಿನಲ್ಲಿ!

ಅಚ್ಚಿನ ಕಥೆಗೆ ಅಷ್ಟು ದೂರ ಹೋಗಬೇಕೆಂದಿಲ್ಲ. ನಮ್ಮ ಮಂಗಳೂರಿನಲ್ಲಿ ಬಾಸೆಲ್ ಮಿಶನ್ 1841ರಲ್ಲೇ ಮುದ್ರಣಾಲಯ ತೆರೆದಿತ್ತು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಬಂತು. ಜುಲೈ 1ರಂದು ಪತ್ರಿಕಾ ದಿನ ಆಚರಿಸುವುದು ಅದಕ್ಕೇ. ಸಂಪಾದಕ ಹರ್ಮನ್ ಮೊಗ್ಲಿಂಗ್ ಹೆಸರು ರಸಪ್ರಶ್ನೆಗಳಲ್ಲಿ ಬರುತ್ತದೆ. ಕಲ್ಲಿಗೆ ಶಾಯಿ ಬಳಿದು ಒಂದೊಂದೇ ಹಾಳೆ ತೆಗೆದ ಕೈಗಳನ್ನು ಕೇಳುವವರು ಕಡಿಮೆ.

ಈಗ ಅಚ್ಚಿನ ಯಂತ್ರಗಳಿಗೆ ಕಂಪ್ಯೂಟರೇ ಯಜಮಾನ. ರಸ್ತೆ ಬದಿಯಲ್ಲಿ ಬಟ್ಟೆಯ ಬ್ಯಾನರ್ ಇದ್ದ ಜಾಗಕ್ಕೆ ಪ್ಲಾಸ್ಟಿಕ್ ಫ್ಲೆಕ್ಸ್ ಬಂತು. 2016ರಲ್ಲಿ ಕರ್ನಾಟಕ ಸರಕಾರ ಪ್ಲಾಸ್ಟಿಕ್ ಚೀಲಗಳ ಜೊತೆಗೆ ಫ್ಲೆಕ್ಸನ್ನೂ ನಿಷೇಧಿಸಿತು. ಬಟ್ಟೆ ಮತ್ತೆ ಬೇಕಾದಾಗ, ಬಟ್ಟೆಗೆ ಅಚ್ಚು ಹಾಕಬಲ್ಲ ಕೈಗಳೂ ಬೇಕಲ್ಲವೇ?

ಕಕ್ಕಿಂಜೆ, ಉಜಿರೆ, ಬೆಳ್ತಂಗಡಿ, ಮೂಡುಬಿದಿರೆಯ ಪುಟಾಣಿಗಳೇ, ಶಾಲೆಯಲ್ಲಿ ನೀವೇ ಒಂದು ಪ್ರದರ್ಶನ ಮಾಡಬಹುದು. ಮನೆಯಲ್ಲಿರುವ ಹಳೆಯ ಮದುವೆ ಕಾಗದ, ಯಕ್ಷಗಾನದ ಕರಪತ್ರ, ಜಾತ್ರೆಯ ಆಮಂತ್ರಣ ಒಟ್ಟು ಮಾಡಿ ಸಾಲಾಗಿ ಜೋಡಿಸಿ. ಯಾರ ಮದುವೆ, ಯಾವ ಮೇಳ, ಯಾವ ವರ್ಷ ಎಂದು ಅಜ್ಜ, ಅಜ್ಜಿಯರನ್ನು ಕೇಳಿ ಪಕ್ಕದಲ್ಲಿ ಬರೆಯಿರಿ. ಕಾಗದದ ಕೆಳತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಪ್ರೆಸ್ಸಿನ ಹೆಸರಿದ್ದರೆ ಅದನ್ನು ಮಾತ್ರ ದೊಡ್ಡದಾಗಿ ಬರೆಯಿರಿ!